ತವರಲ್ಲದ ತವರು: ಬಾಲಿಕಾ ಪಾಠಶಾಲೆಯೂ ಹಳ್ಳಿಯ ಹೆಣ್ಣುಮಕ್ಕಳೂ

ಚಿತ್ರದುರ್ಗದ ಸೀಮೆಯಲ್ಲಿ ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯ ಮೇಲೆ ತಳಕು ಎಂಬ ಗ್ರಾಮವಿರುವುದು ಭಕ್ತಾದಿಗಳಲ್ಲಿ ಬಹುಮಂದಿಗೆ ತಿಳಿದ ವಿಷಯವೇ ಆಗಿದೆ. ಮಳೆ ಬಹು ಕಡಮೆಯಾದ ಪ್ರದೇಶವಿದು. ಜೋಳ, ನವಣೆ, ಸಜ್ಜೆ, ಕಡಲೆಕಾಯಿಗಳನ್ನು ನಂಬಿ ಬದುಕುವ ಒಕ್ಕಲು. ಕುರಿಯ ಉಣ್ಣೆಯಿಂದ ಕಂಬಳಿ ನೇಯುವ ಮನೆಗಳು. ಬಾಯಲ್ಲಿ ಕನ್ನಡದೊಡನೆ ತೆಲುಗೂ ಬೆರೆತ ಜನ. ನಾಯಕನಹಟ್ಟಿಯಲ್ಲಿ ಶ್ರೀ ತಿಪ್ಪೇರುದ್ರಸ್ವಾಮಿಗಳು ನೆಲೆಸಿ ಸುತ್ತಲೂ ಕೆರೆಗಳನ್ನು ಕಟ್ಟಿಸಿದರೆಂಬ ಪ್ರತೀತಿಯು ಈ ಸೀಮೆಯ ಆಬಾಲವೃದ್ಧರಿಗೂ ತಿಳಿದುದು. ನೀರಿಲ್ಲದ ನಾಡಿನಲ್ಲಿ ಧರ್ಮವು ಮೊದಲು ಕೆರೆಯ ರೂಪದಿಂದಲೇ ಕಾಣಿಸಿಕೊಳ್ಳುವುದು ಸಹಜವಷ್ಟೆ.

ಇಂತಹ ಊರಿನ ಹೆಸರು ಕನ್ನಡ ಸಾಹಿತ್ಯದ ಇತಿಹಾಸದಲ್ಲಿ ಸ್ಥಿರವಾಗಿ ನಿಂತಿದೆ. 1885ರಲ್ಲಿ ಜನಿಸಿದ ತಳುಕಿನ ವೆಂಕಣ್ಣಯ್ಯನವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡದ ಮೊದಲ ಪ್ರಾಧ್ಯಾಪಕರಾಗಿ ಕೀರ್ತಿವಂತರಾದರು. ಅವರು 1939ರಲ್ಲಿ ದಿವಂಗತರಾದ ಮೇಲೆ ಶಿಷ್ಯರಾದ ಕುವೆಂಪು ಅವರು ತಮ್ಮ ರಾಮಾಯಣ ಮಹಾಕಾವ್ಯವನ್ನು ಆ ಗುರುವಿಗೇ ಅರ್ಪಿಸಿದರು. ಅವರ ತಮ್ಮಂದಿರಾದ ತ. ಸು. ಶಾಮರಾಯರು ಶಿವಶರಣರ ಕಥೆಗಳನ್ನು ಕಲೆಹಾಕಿ ಕೋಶರೂಪದಲ್ಲಿ ಕೊಟ್ಟು ವೀರಶೈವ ಸಾಹಿತ್ಯಕ್ಕೆ ಮಾಡಿದ ಸೇವೆಯನ್ನು ಮಠದ ಶಿಷ್ಯವರ್ಗದವರು ಮರೆಯುವಂತಿಲ್ಲ. ಅದೇ ಮನೆತನದ ತ. ರಾ. ಸುಬ್ಬರಾಯರು ದುರ್ಗದ ಪಾಳೆಯಗಾರರ ಕಥೆಯನ್ನು ಕಾದಂಬರಿಗಳಲ್ಲಿ ಮನೆಮನೆಗೂ ಮುಟ್ಟಿಸಿದರು. ಈ ಮೂವರೂ ಗಂಡಸರು. ಒಂದೇ ಮನೆತನದಿಂದ ಮೂರು ಮಂದಿ ವಿದ್ವಾಂಸರು ಹೊರಟು ಬಂದ ವೃತ್ತಾಂತವನ್ನು ಬರೆದವರು ಬಹಳ ಮಂದಿ. ಆ ಕಾಲದಲ್ಲಿ ಅಂತಹ ಮನೆಗಳಲ್ಲಿ ಹುಟ್ಟಿದ ಹೆಣ್ಣುಮಕ್ಕಳು ಏನನ್ನು ಓದಿದರೆಂದು ಕೇಳಿದವರು ಅಷ್ಟಾಗಿ ಇಲ್ಲ.

ತಳಕಿನಂತಹ ಊರಿನ ಗಂಡುಮಗನು ಓದಬೇಕೆಂದು ಹೊರಟರೆ ಅವನಿಗೆ ದಾರಿಯುದ್ದಕ್ಕೂ ಆಶ್ರಯವುಂಟಾಗಿದ್ದಿತು. ನೆಂಟರ ಮನೆ, ಛತ್ರ, ವಾರಾನ್ನ, ಮಠದ ಪ್ರಸಾದ ನಿಲಯ, ಇವುಗಳಲ್ಲಿ ಯಾವುದಾದರೊಂದು ಅವನ ಕೈಹಿಡಿಯುತ್ತಿದ್ದಿತು. ಹೆಣ್ಣುಮಗಳಿಗೆ ಲೋಕವು ಎರಡು ಮನೆಗಳನ್ನು ಮಾತ್ರ ಗೊತ್ತುಮಾಡಿದ್ದಿತು: ಒಂದು ತವರು, ಮತ್ತೊಂದು ಅತ್ತೆಯ ಮನೆ. ತವರಿನಲ್ಲಿ ಅವಳು ಇಂದೋ ನಾಳೆಯೋ ಹೋಗತಕ್ಕವಳು. ಅತ್ತೆಯ ಮನೆಯಲ್ಲಿ ಬಹುಕಾಲದವರೆಗೆ ಹೊರಗಿನಿಂದ ಬಂದವಳು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆಂಬ ಗಾದೆಯು ಹಳ್ಳಿಗಳಲ್ಲಿ ಸಲೀಸಾಗಿ ಓಡಾಡುವುದು. ಮದುವೆಯಲ್ಲಿ ಕೊಟ್ಟ ಹಿತ್ತಾಳೆಯ ಪಾತ್ರೆಯ ಕಂಠದ ಮೇಲಲ್ಲದೆ ಬೇರೆಲ್ಲಿಯೂ ತನ್ನ ಹೆಸರನ್ನು ಬರೆದುದನ್ನು ನೋಡದೆಯೇ ತೀರಿಕೊಂಡ ಹೆಂಗಸರು ಹಿಂದಿನ ತಲೆಮಾರುಗಳಲ್ಲಿ ಅಸಂಖ್ಯ. ಇಂತಿರುವಲ್ಲಿ ಹೆಣ್ಣುಮಕ್ಕಳಿಗೆಂದೇ ಒಂದು ಪಾಠಶಾಲೆ, ಅದರಲ್ಲೊಂದು ಹಾಜರಿ ಪುಸ್ತಕ, ಆ ಪುಸ್ತಕದಲ್ಲಿ ತನ್ನದೊಂದು ಹೆಸರು, ಪ್ರತಿದಿನವೂ ಆ ಹೆಸರನ್ನು ಕೂಗಿ ಕರೆಯುವ ಉಪಾಧ್ಯಾಯಿನಿ, ಇವೆಲ್ಲವೂ ಸಣ್ಣ ಸಂಗತಿಗಳಲ್ಲ. ಹೆಣ್ಣಿನ ಪಾಲಿಗೆ ಅದು ಮೂರನೆಯ ಮನೆ. ಅದು ಕನ್ನಡ ನಾಡಿನಲ್ಲಿ ಹೇಗೆ ಹುಟ್ಟಿತು, ಯಾರಿಗೆ ಮನೆಯಾಯಿತು, ಯಾರಿಗೆ ಆಗಲಿಲ್ಲವೆಂಬುದೇ ಇಲ್ಲಿಯ ವಿಷಯ.

ಚಿತ್ರದುರ್ಗದ ಸೀಮೆಯವರಿಗೆ ವಾಣಿವಿಲಾಸವೆಂಬ ಹೆಸರು ಕಿವಿಗೆ ಬಿದ್ದೊಡನೆ ನೆನಪಾಗುವುದು ಹಿರಿಯೂರಿನ ಮಾರಿಕಣಿವೆಯ ಸಾಗರ. ವೇದಾವತಿಗೆ ಅಡ್ಡವಾಗಿ 1898ರಲ್ಲಿ ಮೊದಲಾಗಿ 1907ರಲ್ಲಿ ಮುಗಿದ ಆ ಕಟ್ಟೆಗೆ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಬಿರುದಿನ ಹೆಸರನ್ನಿಟ್ಟರು. ಶ್ರೀಮನ್ಮಹಾರಾಜ ಚಾಮರಾಜೇಂದ್ರ ಒಡೆಯರವರು 1894ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಅಕಾಲದಲ್ಲಿ ಸ್ವರ್ಗಸ್ಥರಾದ ಮೇಲೆ, ಮಗನು ಪ್ರಾಪ್ತವಯಸ್ಕನಾಗುವ 1902ನೆಯ ಇಸವಿಯವರೆಗೆ ರಾಜ್ಯಭಾರವನ್ನು ನಿರ್ವಹಿಸಿದ ತಾಯಿ ಇವರೇ. ಆ ಸಾಗರಕ್ಕಿಂತಲೂ ಹಿಂದಿನದು, ಇದೇ ಮಹಾರಾಣಿಯವರ ಆಶ್ರಯದಲ್ಲಿ ಮೈಸೂರಿನಲ್ಲಿ ಹುಟ್ಟಿದ ಬಾಲಿಕಾ ಪಾಠಶಾಲೆ. ರಾಜ್ಯವು ಇಂಗ್ಲಿಷರಿಂದ ಅರಸುಮನೆತನಕ್ಕೆ ಮರಳಿದ 1881ರಲ್ಲಿಯೇ, ಅರಮನೆಯ ದರ್ಬಾರ್ ಬಕ್ಷಿಗಳಾಗಿದ್ದ ಎ. ನರಸಿಂಹಯ್ಯಂಗಾರ್ಯರ ಪ್ರಯತ್ನದಿಂದ ಅದು ಸ್ಥಾಪಿತವಾಯಿತು. ಆಗ ಮಹಾರಾಣಿಯವರ ವಯಸ್ಸು ಸುಮಾರು ಹದಿನೈದು. ತಮ್ಮ ಹೆಸರಿನ ಪಾಠಶಾಲೆಯ ಮೇಲಿನ ತರಗತಿಯಲ್ಲಿ ಕುಳಿತು ಓದಬಹುದಾಗಿದ್ದ ಪ್ರಾಯದಲ್ಲಿ ಅವರು ಅದರ ಪೋಷಕರಾದರೆಂಬುದು ವಿಚಾರ ಮಾಡತಕ್ಕ ಸಂಗತಿ.

ಹೆಣ್ಣುಮಕ್ಕಳ ಪಾಠಶಾಲೆಯೆಂಬುದು ಅದಕ್ಕೆ ಮುಂಚೆ ಈ ರಾಜ್ಯದಲ್ಲಿ ಇರಲಿಲ್ಲವೆಂದಲ್ಲ. 1840ರ ಸುಮಾರಿಗೆ ಬೆಂಗಳೂರಿನಲ್ಲಿ ಲಂಡನ್ ಮಿಶನ್ನಿನ ಪಾದ್ರಿಗಳ ಪತ್ನಿಯರು ಕನ್ನಡದ ಹುಡುಗಿಯರಿಗೆ ಪಾಠ ಹೇಳುವ ಕಾರ್ಯವನ್ನು ಆರಂಭಿಸಿದ್ದರು. ಕಲ್ಕತ್ತೆಯಲ್ಲಿ 1849ರಲ್ಲಿ ಬೆಥೂನ್ ಸಾಹೇಬರ ಶಾಲೆಯೂ, ಪುಣೆಯಲ್ಲಿ 1848ರಲ್ಲಿ ಜ್ಯೋತಿಬಾ ಫುಲೆ, ಸಾವಿತ್ರೀಬಾಯಿ ದಂಪತಿಗಳ ಶಾಲೆಯೂ ತೆರೆದಿದ್ದವು. ಬೆಥೂನ್ ಶಾಲೆಯ ಗಾಡಿಯ ಪಕ್ಕದ ಹಲಗೆಯ ಮೇಲೆ, ಮಗನಂತೆ ಮಗಳನ್ನೂ ಸಾಕಿ ಓದಿಸಬೇಕೆಂಬ ಅರ್ಥದ ಸಂಸ್ಕೃತ ವಾಕ್ಯವನ್ನು ಬರೆಯಿಸಿದ್ದರಂತೆ. ಶಾಸ್ತ್ರವೇ ಒಪ್ಪಿದೆಯೆಂದು ಬೀದಿಯ ಜನಕ್ಕೆ ಹೇಳುತ್ತ ಗಾಡಿಯು ಓಡಬೇಕಾಗಿದ್ದಿತು! ಮಿಶನ್ ಶಾಲೆಗಳ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಮಗಳು ಮತಾಂತರವಾದಾಳೆಂಬ ಭಯವು ತಂದೆತಾಯಿಗಳನ್ನು ಬಿಡಲಿಲ್ಲ. ಮಗಳು ಆ ಬೆಂಚಿನ ಮೇಲೆ ಕುಳಿತರೂ ಮನೆಯವರ ಮನಸ್ಸು ಬಾಗಿಲ ಹೊರಗೇ ನಿಂತಿರುತ್ತಿದ್ದಿತು.

ಮಹಾರಾಣಿಯವರ ಪಾಠಶಾಲೆಯು ಈ ಭಯವನ್ನು ನಿವಾರಿಸುವ ಮಾರ್ಗವನ್ನು ಹಿಡಿಯಿತು. ಕನ್ನಡ, ಸಂಸ್ಕೃತ, ಲೆಕ್ಕ ಇವುಗಳೊಡನೆ ಸಂಗೀತವನ್ನೂ ಹೊಲಿಗೆಯನ್ನೂ ಕಲಿಸಿದರು. ಹಬ್ಬಹರಿದಿನಗಳಿಗೆ ಶಾಲೆಯು ಮುಚ್ಚುವುದು. ಹುಡುಗಿಯರನ್ನು ಮನೆಯಿಂದ ಕರೆತಂದು ಮತ್ತೆ ಮನೆಗೆ ಮುಟ್ಟಿಸಲು ಪರದೆ ಕಟ್ಟಿದ ಗಾಡಿ. ಮನೆಮನೆಯ ಬಾಗಿಲಲ್ಲಿ ನಿಂತು ಕೂಗುವುದಕ್ಕೆ ಒಬ್ಬ ವಯಸ್ಸಾದ ಹೆಂಗಸು. ಈ ಏರ್ಪಾಡುಗಳನ್ನು ನೋಡಿ ನಗುವವರು ಇಂದು ಇರಬಹುದು. ಪರದೆಯ ಗಾಡಿಯಲ್ಲಿ ಹೋಗುವ ವಿದ್ಯೆಯು ಎಂತಹ ವಿದ್ಯೆಯೆಂದು ಕೇಳಲೂಬಹುದು. ಆದರೆ ಆ ಗಾಡಿಯ ಒಳಗೆ ಏನು ನಡೆಯುತ್ತಿದ್ದಿತೆಂಬುದನ್ನು ಆಲೋಚಿಸಬೇಕು. ಬೇರೆ ಬೇರೆ ಬೀದಿಗಳ, ಒಬ್ಬರ ಮುಖವನ್ನೊಬ್ಬರು ಮದುವೆಯ ಚಪ್ಪರದಲ್ಲಲ್ಲದೆ ನೋಡದಿದ್ದ ಹುಡುಗಿಯರು, ಹಿರಿಯರಾರೂ ಇಲ್ಲದ ಎಡೆಯಲ್ಲಿ ಮೊಣಕಾಲಿಗೆ ಮೊಣಕಾಲು ತಗುಲುವಂತೆ ಕುಳಿತು, ದಿನಕ್ಕೆ ಎರಡು ಬಾರಿ ಮಾತನಾಡುತ್ತ ಸಾಗಿದರು. ದೊಡ್ಡವಳು ಚಿಕ್ಕವಳಿಗೆ ಅಕ್ಕನಾದಳು. ಒಡಹುಟ್ಟಿನಿಂದಲೂ ಅಲ್ಲ, ನೆಂಟಸ್ತಿಕೆಯಿಂದಲೂ ಅಲ್ಲ. ಒಂದೇ ಪುಸ್ತಕವನ್ನು ಓದುವುದರಿಂದ ಆದ ಅಕ್ಕ. ಪಾಠಶಾಲೆಯು ಹೆಣ್ಣುಮಕ್ಕಳಿಗೆ ತಮ್ಮದಾಗತೊಡಗಿದುದು ಗಾಡಿಯಲ್ಲಿಯೇ ಎಂದರೆ ತಪ್ಪಾಗಲಾರದು.

ಈ ಅಕ್ಕನೆಂಬ ಹೆಸರು ಶರಣರ ಪರಂಪರೆಗೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಅನುಭವ ಮಂಟಪಕ್ಕೆ ಮಹಾದೇವಿಯು ಬಂದಾಗ ಅಲ್ಲಮಪ್ರಭುವು ಅವಳನ್ನು ಬಾಗಿಲಲ್ಲಿಯೇ ತಡೆದು ನಿನ್ನ ಪತಿ ಯಾರೆಂದು ಕೇಳಿದ ಪ್ರಸಂಗವನ್ನು ಶೂನ್ಯಸಂಪಾದನೆಯನ್ನು ಓದಿದವರು ಬಲ್ಲರು. ಹೆಣ್ಣನ್ನು ಕಂಡೊಡನೆ ಯಾರವಳೆಂದು ಕೇಳುವುದು ಲೋಕದ ರೂಢಿ. ಪ್ರಭುವಿನ ಪ್ರಶ್ನೆಯು ಪರೀಕ್ಷೆಗಾಗಿ ಬಂದುದಾದರೂ ರೂಪದಲ್ಲಿ ಆ ರೂಢಿಯದೇ. ಅವಳು ಕೊಟ್ಟ ಉತ್ತರದಿಂದ ಸಭೆಯು ತಲೆದೂಗಿ ತನಗಿಂತ ಕಿರಿಯಳಾದ ಆ ಹುಡುಗಿಯನ್ನು ಅಕ್ಕನೆಂದು ಕರೆಯಿತು. ಅಕ್ಕನಾಗಮ್ಮ, ನೀಲಾಂಬಿಕೆ, ಮುಕ್ತಾಯಕ್ಕ, ಸತ್ಯಕ್ಕ, ಆಯ್ದಕ್ಕಿ ಲಕ್ಕಮ್ಮ ಮೊದಲಾದ ಶರಣೆಯರಿಗೂ ಆ ಸಭೆಯಲ್ಲಿ ಸ್ಥಾನವಿದ್ದಿತು. ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳಬೇಕು. ಲಿಂಗವನ್ನು ಧರಿಸಿದವರಿಗೆ ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಐದು ಸೂತಕಗಳಿಲ್ಲವೆಂದು ಶರಣಧರ್ಮವು ಸಾರಿತು. ರಜಸ್ಸೂತಕವಿಲ್ಲವೆಂದ ಮೇಲೆ ಮೈನೆರೆದ ಹುಡುಗಿಯನ್ನು ಪಾಠಶಾಲೆಯಿಂದ ಬಿಡಿಸಲು ಕಾರಣವೇ ಉಳಿಯುವುದಿಲ್ಲ. ತತ್ತ್ವವು ಹೀಗಿದ್ದರೂ, ಲಿಂಗವಂತರ ಮನೆಗಳಲ್ಲಿಯೂ ಹುಡುಗಿಯು ದೊಡ್ಡವಳಾದೊಡನೆ ಸ್ಲೇಟು ಬಳಪಗಳನ್ನು ಅಟ್ಟದ ಮೇಲೆ ಇಟ್ಟುಬಿಡುವ ಪದ್ಧತಿಯು ನೆರೆಹೊರೆಯವರಂತೆಯೇ ನಡೆದುಬಂದಿತು. ತತ್ತ್ವವನ್ನು ಪಠಿಸಿದವರು ಬಹಳ. ಮನೆಯ ಮಗಳ ವಿಷಯದಲ್ಲಿ ಅದನ್ನು ನಡೆಸಿದವರು ಕೆಲವರು. ಉತ್ಸವದ ಸಂಚಿಕೆಯಲ್ಲಿ ಇದನ್ನು ಬರೆಯುವುದು ಉಚಿತವೋ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಇತಿಹಾಸವು ಸ್ತೋತ್ರವಲ್ಲ.

ಬಾಲಿಕಾ ಪಾಠಶಾಲೆಯು ಹೈಸ್ಕೂಲಾಗುವುದಕ್ಕೆ ದೊಡ್ಡ ಅಡ್ಡಿಯು ಬಾಲ್ಯವಿವಾಹ. ಹನ್ನೊಂದು ಹನ್ನೆರಡು ವರ್ಷಗಳೊಳಗೆ ಮದುವೆಯಾಗಿ ಹೋಗುವ ಹುಡುಗಿಗೆ ಹೈಸ್ಕೂಲಿನ ತರಗತಿಯು ಎಲ್ಲಿಂದ ಬರಬೇಕು? ಮೈಸೂರು ಸರ್ಕಾರವು 1894ರಲ್ಲಿ ಶಿಶುವಿವಾಹ ನಿಷೇಧದ ಕಾಯಿದೆಯನ್ನು ಮಾಡಿತು. ಅದು ಅಂದಿಗೆ ದಿಟ್ಟತನದ ಹೆಜ್ಜೆಯೇ ಸರಿ. ಆದರೂ ಅದು ತಡೆದುದು ಎಂಟು ವರ್ಷಕ್ಕೆ ಕಡಮೆಯಾದ ಹೆಣ್ಣುಮಕ್ಕಳ ವಿವಾಹವನ್ನೂ, ಐವತ್ತು ದಾಟಿದ ಗಂಡಸಿಗೆ ಹದಿನಾಲ್ಕರೊಳಗಿನ ಹುಡುಗಿಯನ್ನು ಕೊಡುವುದನ್ನೂ ಮಾತ್ರ. ಹದಿನಾಲ್ಕು ವರ್ಷದವರೆಗೆ ಹುಡುಗಿಗೆ ಮದುವೆ ಕೂಡದೆಂಬ ಶಾರದಾ ಕಾಯಿದೆಯು ಬರಲು 1929ನೆಯ ಇಸವಿಯವರೆಗೆ ಕಾಯಬೇಕಾಯಿತು. ನಡುವಿನ ಕಾಲದಲ್ಲಿ ಪಾಠಶಾಲೆಯ ಬೆಂಚುಗಳು ಮೇಲಿನ ತರಗತಿಗೆ ಹೋದಂತೆಲ್ಲ ಬರಿದಾಗುತ್ತ ಹೋಗುತ್ತಿದ್ದವು. ಮದುವೆಯ ಲಗ್ನಪತ್ರಿಕೆ ಬಂದೊಡನೆ ಗೆಳತಿಯೊಬ್ಬಳು ಹಾಜರಿ ಪುಸ್ತಕದಿಂದ ಮಾಯವಾಗುವಳು. ಉಳಿದವರು ತಮ್ಮ ಸರದಿಯನ್ನು ಎಣಿಸುವರು. ಮೂರನೆಯ ಮನೆಯು ದೊರೆತರೂ ಅದರ ಬಾಡಿಗೆಯ ಅವಧಿಯು ಬಹು ಕಿರಿದಾಗಿದ್ದಿತು.

ವಿಚಿತ್ರವೆಂದರೆ, ಆ ಕಾಲದಲ್ಲಿ ಮೇಲಿನ ತರಗತಿಗಳಲ್ಲಿ ಉಳಿದವರಲ್ಲಿ ಬಾಲವಿಧವೆಯರೂ ಇದ್ದರು. ಯಾವ ಮನೆಯಲ್ಲಿಯೂ ಸಲ್ಲದವಳೆಂದು ಲೋಕವು ತಳ್ಳಿದವಳಿಗೆ ಪಾಠಶಾಲೆಯಲ್ಲಿ ಸ್ಥಳವು ದೊರೆಯಿತು. ಪುಣೆಯ ಕರ್ವೆಯವರು 1896ರಲ್ಲಿ ವಿಧವೆಯರ ಆಶ್ರಮವನ್ನೂ, ಮದರಾಸಿನಲ್ಲಿ 1911ರಲ್ಲಿ ಪದವಿ ಪಡೆದ ಸುಬ್ಬಲಕ್ಷ್ಮಿಯವರು ಮರುವರ್ಷ ಶಾರದಾ ಸಂಘವನ್ನೂ ಕಟ್ಟಿದುದು ಇದೇ ಮರ್ಮವನ್ನು ಅರಿತು. ಅವರು ಪಾಠಕ್ಕೆ ಮೊದಲು ವಸತಿಯನ್ನು ಯೋಚಿಸಿದರು. ಹುಡುಗಿಗೆ ಬೆಂಚನ್ನು ಕೊಟ್ಟರೆ ಸಾಲದು, ರಾತ್ರಿ ಮಲಗಲು ಚಾಪೆಯನ್ನೂ ಕೊಡಬೇಕೆಂಬುದು ಅವರಿಗೆ ತಿಳಿದಿದ್ದಿತು.

ಮೈಸೂರಿನಲ್ಲಿ ಈ ಸತ್ಯವು ಒಬ್ಬ ಉಪಾಧ್ಯಾಯಿನಿಯ ಅನುಭವದಿಂದ ಹೊರಬಿದ್ದಿತು. ರವೀಂದ್ರನಾಥ ಠಾಕೂರರ ಸೋದರಿಯ ಮಗಳಾದ ಸರಳಾದೇವಿಯವರು 1872ರಲ್ಲಿ ಜನಿಸಿ, 1890ರಲ್ಲಿ ಬಿ.ಎ. ಪದವಿಯನ್ನು ಪಡೆದು, ಕೆಲವು ವರ್ಷಗಳ ಮೇಲೆ ಮಹಾರಾಣಿಯವರ ಪಾಠಶಾಲೆಗೆ ಉಪಾಧ್ಯಾಯಿನಿಯಾಗಿ ಬಂದರು. ಮನೆಯಲ್ಲಿ ಬಡತನವಿರಲಿಲ್ಲ, ಗಂಡಸರಂತೆ ತಾನೂ ದುಡಿದು ಸ್ವತಂತ್ರವಾಗಿ ಜೀವಿಸಬೇಕೆಂಬ ಹಟವೊಂದೇ ಆ ತರುಣಿಯನ್ನು ವಂಗದೇಶದಿಂದ ಇಷ್ಟು ದೂರ ಕರೆತಂದಿತು. ಅವಿವಾಹಿತೆಯಾದ, ವಿದ್ಯಾವತಿಯಾದ, ಸಂಬಳ ಪಡೆಯುವ ಹೆಣ್ಣೊಬ್ಬಳು ದಿನವೂ ಕಣ್ಣೆದುರಿಗೆ ನಿಂತು ಪಾಠ ಹೇಳುವುದನ್ನು ನೋಡುವುದೇ ಅಂದಿನ ವಿದ್ಯಾರ್ಥಿನಿಯರಿಗೆ ಒಂದು ಪಾಠವಾಗಿರಬೇಕು. ಅವರು ಇಲ್ಲಿಯ ಹಾಡುಗಳನ್ನು ಆಸಕ್ತಿಯಿಂದ ಕಲಿತರು. ಅವರು ಒಯ್ದ ದಕ್ಷಿಣದ ಮಟ್ಟುಗಳು ಸೋದರಮಾವನ ಕೆಲವು ಹಾಡುಗಳಿಗೆ ಆಧಾರವಾದವು. ಮೈಸೂರಿನ ಪಾಠಶಾಲೆಯ ಸಂಗೀತವು ಹೀಗೆ ವಂಗದೇಶದ ಗೀತಗಳಲ್ಲಿ ಸೇರಿಹೋದುದು ಬಹುಮಂದಿಗೆ ತಿಳಿಯದು. ಆದರೆ ಒಂದು ರಾತ್ರಿ ಅವರ ಬಿಡಾರಕ್ಕೆ ಪರಪುರುಷನೊಬ್ಬನು ನುಗ್ಗಿದನು. ಬಳಿಕ ಅವರು ಹೆಚ್ಚುಕಾಲ ನಿಲ್ಲದೆ ಊರಿಗೆ ಹಿಂದಿರುಗಿದರು. ವಂಗದೇಶದ ಪತ್ರಿಕೆಯೊಂದು, ಒಳ್ಳೆಯ ಮನೆತನದ ಹೆಣ್ಣಿಗೆ ಅಷ್ಟು ದೂರ ಹೋಗುವ ಅಗತ್ಯವೇನಿದ್ದಿತೆಂದು ಅವರನ್ನೇ ಆಕ್ಷೇಪಿಸಿತು. ನುಗ್ಗಿದವನ ತಪ್ಪಿಗೆ ಹೋದವಳನ್ನು ಬೈಯುವ ಪದ್ಧತಿಯು ಆ ದೇಶಕ್ಕೆ ಮಾತ್ರ ಸೇರಿದುದಲ್ಲ. ಪಾಠಶಾಲೆಯು ಹಗಲಿನಲ್ಲಿ ಎಷ್ಟು ಭದ್ರವಾಗಿದ್ದರೂ ರಾತ್ರಿಯ ನೆಲೆಯು ಭದ್ರವಾಗದೆ ಉಪಾಧ್ಯಾಯಿನಿಗೂ ವಿದ್ಯಾರ್ಥಿನಿಗೂ ಅದು ತಮ್ಮ ಮನೆಯಾಗದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯವು ಬೇಡ.

ಇಷ್ಟಾದರೂ ಪಾಠಶಾಲೆಯು ಬೆಳೆಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಾಲೇಜಿನ ತರಗತಿಗಳು ಸೇರಿದವು. 1906ರಲ್ಲಿ ಶ್ರೀರಂಗಮ್ಮ, ರುಕ್ಮಿಣಿಯಮ್ಮ ಎಂಬವರು ಬಿ.ಎ. ಪರೀಕ್ಷೆಯಲ್ಲಿ ಉತ್ತೀರ್ಣರಾಗಿ ಮೈಸೂರು ರಾಜ್ಯದ ಮೊದಲ ಪದವೀಧರೆಯರ ಪಂಕ್ತಿಯಲ್ಲಿ ಸೇರಿದರು. ಆಗ ಮೈಸೂರಿಗೆ ಸ್ವಂತ ವಿಶ್ವವಿದ್ಯಾನಿಲಯವಿರಲಿಲ್ಲ. ಅದು ಬಂದುದು 1916ರಲ್ಲಿ. ಬೆಂಗಳೂರಿನಲ್ಲಿ 1913ರಲ್ಲಿ ಮಹಿಳಾ ಸೇವಾ ಸಮಾಜವೂ, ಅದೇ ವರ್ಷ ಆರ್. ಕಲ್ಯಾಣಮ್ಮನವರ ಶಾರದಾ ಸ್ತ್ರೀ ಸಮಾಜವೂ ಹುಟ್ಟಿದವು. ಕಲ್ಯಾಣಮ್ಮನವರು 1921ರಲ್ಲಿ ಆರಂಭಿಸಿದ ‘ಸರಸ್ವತಿ’ ಪತ್ರಿಕೆಯು ಶಾಲೆ ಬಿಟ್ಟ ಹೆಂಗಸರ ಕೈಗೆ ಓದನ್ನು ಮತ್ತೆ ತಂದುಕೊಟ್ಟಿತು.

ಈಗ ಪ್ರಶಂಸೆಯನ್ನು ನಿಲ್ಲಿಸಿ ಒಂದು ಪ್ರಶ್ನೆಯನ್ನು ಕೇಳಬೇಕಾಗಿದೆ. ಈ ಮೂರನೆಯ ಮನೆಯು ಯಾವ ಹೆಣ್ಣುಮಕ್ಕಳಿಗೆ ತೆರೆದಿದ್ದಿತು? ಮಹಾರಾಣಿಯವರ ಪಾಠಶಾಲೆಯು ಆರಂಭದಲ್ಲಿ ಮೇಲು ಜಾತಿಗಳೆನಿಸಿಕೊಂಡವರ ಹೆಣ್ಣುಮಕ್ಕಳಿಗೆಂದೇ ಏರ್ಪಟ್ಟಿದ್ದಿತು. ತಂದೆತಾಯಿಗಳ ಭಯವನ್ನು ಕಳೆಯಲು ಹಿಡಿದ ಮಾರ್ಗದ ಬೆಲೆಯೇ ಅದು. ಗಾಡಿಯಲ್ಲಿ ಪಕ್ಕದಲ್ಲಿ ಕುಳಿತವಳು ತನ್ನಂಥವಳೇ ಎಂಬ ನೆಮ್ಮದಿಯು, ಗಾಡಿಗೆ ಹತ್ತಲಾಗದವಳೊಬ್ಬಳು ಬೀದಿಯಲ್ಲಿ ನಿಂತಿರುವುದರಿಂದ ದೊರೆತ ನೆಮ್ಮದಿ. ಬಾಲೆಯರ ಮೇಲೆ ಈ ದೋಷವನ್ನು ಹೊರಿಸಲಾಗದು. ಅವರು ಪರದೆಯ ಸಂದಿಯಿಂದ ಅವಳನ್ನು ನೋಡಿದರೋ ಇಲ್ಲವೋ ಯಾರು ಬಲ್ಲರು. ಸಿ. ಆರ್. ರೆಡ್ಡಿಯವರು ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದ ಕಾಲಕ್ಕೆ, ಅಂದರೆ 1910ರ ದಶಕದ ಕೊನೆಯ ಹೊತ್ತಿಗೆ, ಸರ್ಕಾರದ ಪಾಠಶಾಲೆಗಳ ಬಾಗಿಲು ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೂ ತೆರೆದಿರಬೇಕೆಂಬ ನೀತಿಯು ಮೈಸೂರಿನಲ್ಲಿ ನೆಲೆಗೊಂಡಿತು. ಹಲವೆಡೆಗಳಲ್ಲಿ ಇದಕ್ಕೆ ವಿರೋಧವೂ ಬಂದಿತು. ಬಾಗಿಲು ತೆರೆಯುವುದು ಆಜ್ಞೆಯಿಂದ ಆಗುವ ಕೆಲಸ. ಒಳಗೆ ಬಂದವಳ ಪಕ್ಕದಲ್ಲಿ ಸರಿದು ಜಾಗ ಕೊಡುವುದು ಆಜ್ಞೆಯಿಂದ ಆಗತಕ್ಕದ್ದಲ್ಲ.

ಉತ್ತರ ಕರ್ನಾಟಕದಲ್ಲಿ ಈ ಕಾರ್ಯವು ಬೇರೆ ರೀತಿಯಲ್ಲಿ ನಡೆಯಿತು. ಅಲ್ಲಿ ಅರಮನೆಯ ಆಶ್ರಯವಿರಲಿಲ್ಲ. ಆಳುತ್ತಿದ್ದುದು ಮುಂಬಯಿ ಸರ್ಕಾರ. ಹುಬ್ಬಳ್ಳಿಯಲ್ಲಿ ಉಮಾಬಾಯಿ ಕುಂದಾಪುರ ಅವರು ಎಳೆಯ ವಯಸ್ಸಿನಲ್ಲಿಯೇ ಪತಿಯನ್ನು ಕಳೆದುಕೊಂಡು, ಮಾವನವರ ಪ್ರೋತ್ಸಾಹದಿಂದ ತಿಲಕ ಕನ್ಯಾಶಾಲೆಯನ್ನು ನಡೆಸಿದರು. ಅವರು 1932ರಲ್ಲಿ ಸೆರೆಮನೆಗೆ ಹೋಗಿ ಹಿಂದಿರುಗುವಷ್ಟರಲ್ಲಿ ಮುದ್ರಣಾಲಯವನ್ನು ಸರ್ಕಾರವು ವಶಪಡಿಸಿಕೊಂಡು ಕನ್ಯಾಶಾಲೆಗೆ ಬೀಗಮುದ್ರೆಯನ್ನು ಹಾಕಿದ್ದಿತು. ಬಾಗಿಲಿಗೆ ಬಿದ್ದ ಆ ಮುದ್ರೆಯನ್ನು ನೋಡಿ ಮನೆಗೆ ಮರಳಿದ ಹುಡುಗಿಯರ ಹೆಸರನ್ನು ಸ್ವಾತಂತ್ರ್ಯ ಸಮರದ ಇತಿಹಾಸದಲ್ಲಿ ಯಾರೂ ಬರೆದಿಲ್ಲ. ಅವರು ಕಳೆದುಕೊಂಡುದು ಮಾತ್ರ ಅಲ್ಪವಲ್ಲ. ಅದೇ ಹುಬ್ಬಳ್ಳಿಯಲ್ಲಿ 1930ರ ದಶಕದಲ್ಲಿ ಸರದಾರ ವೀರನಗೌಡ ಪಾಟೀಲರೂ ಅವರ ಪತ್ನಿ ನಾಗಮ್ಮನವರೂ ಹರಿಜನ ಬಾಲಿಕಾಶ್ರಮವನ್ನು ನಡೆಸತೊಡಗಿ, ಕ್ರಮೇಣ ಮಹಿಳಾ ವಿದ್ಯಾಪೀಠವನ್ನು ಬೆಳೆಸಿದರು. ಗಾಡಿಗೆ ಹತ್ತಲಾಗದೆ ಬೀದಿಯಲ್ಲಿ ನಿಂತವಳನ್ನೇ ಮೊದಲು ಒಳಕ್ಕೆ ಕರೆದ ಮನೆಯದು. ಅಲ್ಲಿ ಪಾಠಕ್ಕೂ ಊಟಕ್ಕೂ ಮಲಗುವುದಕ್ಕೂ ಒಂದೇ ಸೂರು. ಕಲ್ಯಾಣದ ಶರಣರು ಯಾವ ಸೂತಕವನ್ನು ಐದನೆಯದೆಂದು ಎಣಿಸಿ ನಿರಾಕರಿಸಿದರೋ, ಅದನ್ನು ಒಂದೇ ಪಂಕ್ತಿಯಲ್ಲಿ ತಟ್ಟೆಯಿಟ್ಟು ನಿರಾಕರಿಸಿದ ದಂಪತಿಗಳು ಇವರು.

ಯಾವ ಪಾಠಶಾಲೆಯ ಬಾಗಿಲೂ ದೊರೆಯದೆ ತಾವೇ ದಾರಿಯನ್ನು ಮಾಡಿಕೊಂಡವರನ್ನೂ ಇಲ್ಲಿ ನೆನೆಯಬೇಕು. ನಂಜನಗ��ಡಿನ ತಿರುಮಲಾಂಬಾ ಅವರು 1887ರಲ್ಲಿ ಜನಿಸಿ ಬಾಲ್ಯದಲ್ಲಿಯೇ ವಿಧವೆಯಾಗಿ ಮನೆಯಲ್ಲಿಯೇ ಕಲಿತರು. 1913ರಲ್ಲಿ ಸತೀಹಿತೈಷಿಣೀ ಗ್ರಂಥಮಾಲೆಯನ್ನು ಆರಂಭಿಸಿ ಪುಸ್ತಕಗಳನ್ನು ತಾವೇ ಬರೆದು ಪ್ರಕಟಿಸಿದರು. ಊರಿನ ಹೆಣ್ಣುಮಕ್ಕಳಿಗೆ ತಮ್ಮ ಮನೆಯಲ್ಲಿಯೇ ಪಾಠ ಹೇಳಿದರು. ಲಿಂಗಾಯತ ಸಮಾಜದಲ್ಲಿ ಇದಕ್ಕೆ ಸರಿದೊರೆಯಾದ ಉದಾಹರಣೆ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರದು. 1912ರಲ್ಲಿ ಜನಿಸಿದ ಅವರು ಶಾಲೆಯಲ್ಲಿ ಕಲಿತುದು ಮರಾಠಿ. ಕನ್ನಡವನ್ನು ಸ್ವಂತ ಶ್ರಮದಿಂದ ಸಂಪಾದಿಸಿದರು. ಗಡಿಯ ಊರಿನ ಹೆಣ್ಣುಮಗಳಿಗೆ ಶಾಲೆಯು ದೊರೆತರೂ ತನ್ನ ನುಡಿಯು ಆ ಶಾಲೆಯಲ್ಲಿ ದೊರೆಯದೆಂಬುದು ತಳಕು, ಮೊಳಕಾಲ್ಮುರುಗಳ ಸೀಮೆಯವರಿಗೆ ಬಿಡಿಸಿ ಹೇಳಬೇಕಾದ ಮಾತಲ್ಲ. ವಚನಗಳನ್ನು ಮರಾಠಿಗೆ ತಿರುಗಿಸಿ, ಸಿದ್ಧರಾಮನ ಪುರಾಣವನ್ನು ಕನ್ನಡದಲ್ಲಿ ರಚಿಸಿದ ಆ ತಾಯಿಯು 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಏರಿದಾಗ, ಸಮ್ಮೇಳನದ ಇತಿಹಾಸದಲ್ಲಿ ಆ ಪೀಠದಲ್ಲಿ ಕುಳಿತ ಪ್ರಥಮ ಮಹಿಳೆಯಾದರು. ಇಂತಹವರನ್ನು ತೋರಿಸಿ, ಮನಸ್ಸಿದ್ದರೆ ಶಾಲೆಯಿಲ್ಲದೆಯೂ ಓದಬಹುದೆಂದು ಹೇಳುವವರುಂಟು. ಒಬ್ಬಳು ಈಜಿ ದಡ ಸೇರಿದಳೆಂದು ಹೊಳೆಗೆ ಸೇತುವೆಯು ಬೇಡವೆನ್ನುವ ವಾದವಿದು.

ಮಠಗಳ ಪಾತ್ರವನ್ನು ಕುರಿತು ಎರಡು ಮಾತು. ವಿದ್ಯಾರ್ಥಿಗಳಿಗೆ ಅನ್ನವನ್ನೂ ನೆಲೆಯನ್ನೂ ಕೊಟ್ಟುದರಲ್ಲಿ ಲಿಂಗಾಯತ ಮಠಗಳ ಹಾಗೂ ದಾನಿಗಳ ಕಾರ್ಯವು ಅಸಾಧಾರಣವಾದುದು. ಬೆಂಗಳೂರಿನಲ್ಲಿ ಗುಬ್ಬಿ ತೋಟದಪ್ಪನವರ ಧರ್ಮಸಂಸ್ಥೆ, ಚಿತ್ರದುರ್ಗದ ಬೃಹನ್ಮಠದ ಶ್ರೀ ಜಯದೇವ ಜಗದ್ಗುರುಗಳು ಹಲವು ಊರುಗಳಲ್ಲಿ ತೆರೆಯಿಸಿದ ವಿದ್ಯಾರ್ಥಿ ನಿಲಯಗಳು, ಸುತ್ತೂರಿನ ಶ್ರೀ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1941ರಲ್ಲಿ ಮೈಸೂರಿನಲ್ಲಿ ಆರಂಭಿಸಿದ ಪ್ರಸಾದ ನಿಲಯ, ಇವುಗಳ ಅನ್ನವನ್ನುಂಡು ಓದಿ ಮೇಲೆ ಬಂದವರು ಸಹಸ್ರಾರು. ಆದರೆ ಆ ಮೊದಲ ತಲೆಮಾರಿನ ನಿಲಯಗಳು ಬಹುಪಾಲು ಗಂಡುಮಕ್ಕಳವು. ಮೈಸೂರಿನಲ್ಲಿ ಬಾಲಿಕಾ ಹೈಸ್ಕೂಲಿದ್ದಿತು. ಮೈಸೂರಿನಲ್ಲಿಯೇ ಪ್ರಸಾದ ನಿಲಯವೂ ಇದ್ದಿತು. ಇವೆರಡರ ನಡುವೆ ತಳಕಿನ ಹೆಣ್ಣುಮಗಳಿಗೆ ಮಾತ್ರ ಸ್ಥಳವಿರಲಿಲ್ಲ. ಅಣ್ಣನು ಪ್ರಸಾದ ನಿಲಯದಲ್ಲಿ ಊಟಮಾಡಿ ಇಂಟರ್‌ಮೀಡಿಯೆಟ್ ಓದುವಾಗ, ತಂಗಿಯು ಅವನು ರಜೆಗೆ ತಂದ ಹಳೆಯ ಪುಸ್ತಕದ ಹಾಳೆಗಳನ್ನು ಒಲೆಯ ಮುಂದೆ ತಿರುವಿಹಾಕುವುದು ಎಷ್ಟು ಮನೆಗಳಲ್ಲಿ ನಡೆದಿರಬೇಕು! ಸನ್ಯಾಸಿಗಳ ಆಶ್ರಯದಲ್ಲಿ ಹೆಣ್ಣುಮಕ್ಕಳ ವಸತಿಯನ್ನು ನಡೆಸುವುದಕ್ಕೆ ಲೋಕಾಪವಾದದ ಅಂಜಿಕೆಯು ಅಡ್ಡಬಂದಿತೆಂದು ಸಮಾಧಾನ ಹೇಳಬಹುದು. ಆ ಅಂಜಿಕೆಯು ನಿಜವಾದುದೇ. ಆದರೂ ಅದಕ್ಕೆ ದಂಡ ತೆತ್ತವರು ಅಂಜಿದವರಲ್ಲ.

ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಈ ಕೊರತೆಯು ಕ್ರಮೇಣ ತುಂಬುತ್ತ ಬಂದಿತು. ಅಕ್ಕಮಹಾದೇವಿಯ ಹೆಸರಿನ ವಿದ್ಯಾರ್ಥಿನಿ ನಿಲಯಗಳು ಕನ್ನಡ ನಾಡಿನ ಅನೇಕ ಊರುಗಳಲ್ಲಿ ಎದ್ದವು. ಸರ್ಕಾರದ ಬಾಲಿಕಾ ಪ್ರೌಢಶಾಲೆಗಳೂ ವಿದ್ಯಾರ್ಥಿನಿ ನಿಲಯಗಳೂ ತಾಲ್ಲೂಕಿನ ಪಟ್ಟಣಗಳವರೆಗೆ ಬಂದವು. ಅಂತಹ ನಿಲಯಕ್ಕೆ ಹಳ್ಳಿಯ ಹುಡುಗಿಯು ಮೊದಲ ದಿನ ಬರುವ ಬಗೆಯು ಎಲ್ಲೆಡೆಯಲ್ಲಿಯೂ ಒಂದೇ. ತಂದೆಯು ತಲೆಯ ಮೇಲೆ ಹೊತ್ತು ತಂದ ತಗಡಿನ ಪೆಟ್ಟಿಗೆ, ಒಂದು ಜಮಖಾನ, ಗಂಟಿನಲ್ಲಿ ತಾಯಿಯು ಕಟ್ಟಿಕೊಟ್ಟ ಕಟಕಲು ರೊಟ್ಟಿ, ಶೇಂಗಾ ಚಟ್ನಿಪುಡಿ. ಮೊದಲ ರಾತ್ರಿ ಅವಳು ಅಳುವಳು. ಅವಳ ಮಾತಿನಲ್ಲಿ ಬೆರೆತ ತೆಲುಗಿನ ಶಬ್ದವನ್ನು ಕೇಳಿ ತೆಂಕಣದ ಹುಡುಗಿಯರು ನಗುವರು. ಎರಡನೆಯ ವಾರಕ್ಕೆ ಆ ಶಬ್ದವನ್ನು ಅವರೂ ಆಡತೊಡಗುವರು. ಗಂಟಿನ ರೊಟ್ಟಿಯು ಅಷ್ಟರೊಳಗೆ ಕೋಣೆಯವರೆಲ್ಲರಿಗೂ ಹಂಚಿ ಮುಗಿದಿರುವುದು. ಯಾವಳೋ ಒಬ್ಬ ಮೇಲಿನ ತರಗತಿಯವಳು ಅವಳ ಜಡೆಯನ್ನು ಹೆಣೆದು, ಲೆಕ್ಕದ ಪುಸ್ತಕವನ್ನು ಬಿಡಿಸಿ ಪಕ್ಕದಲ್ಲಿ ಕೂಡಿಸಿಕೊಳ್ಳುವಳು. ಅವಳನ್ನು ಇವಳು ಅಕ್ಕ ಎನ್ನುವಳು. ತಗಡಿನ ಪೆಟ್ಟಿಗೆಯ ಮುಚ್ಚಳದ ಮೇಲೆ ಬಿಳಿಯ ಬಣ್ಣದಲ್ಲಿ ಹುಡುಗಿಯ ಹೆಸರನ್ನೂ, ಅದರ ಕೆಳಗೆ ತಳಕು ಎಂದು ಊರಿನ ಹೆಸರನ್ನೂ ಬರೆಯಿಸಿರುವರು.